11 ಕೆವಿ ಫೀಡರ್‌ನ ಸ್ಟೇಟ್ ಎಸ್ಟಿಮೇಶನ್: ಉಳಿಕೆ ಇಷ್ಟು ಚಿಕ್ಕದು, ಆದರೂ ತುದಿಯ ವೋಲ್ಟೇಜ್ ಯಾಕೆ ಹೊಂದುತ್ತಿಲ್ಲ?

ಫೀಡರ್‌ಲೆಕ್ಕ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಒಂದು 11 ಕೆವಿ ರೇಡಿಯಲ್ ಫೀಡರ್‌ಗೆ ಮೂರು ಫೇಸಿನ ಸ್ಟೇಟ್ ಎಸ್ಟಿಮೇಶನ್ (ಸಿಕ್ಕ ಅಳತೆಗಳಿಂದ ಇಡೀ ಜಾಲದ ವೋಲ್ಟೇಜ್ ಅಂದಾಜಿಸುವ) ಪ್ರೋಗ್ರಾಂ ಬರೆಯುತ್ತಿದ್ದೇನೆ. ವಿಧಾನ ಮಾಮೂಲಿ ವೆಯ್ಟೆಡ್ ಲೀಸ್ಟ್ ಸ್ಕ್ವೇರ್ಸ್: ಉಳಿಕೆ, ಅಂದರೆ ಅಳತೆಗೂ ಲೆಕ್ಕಕ್ಕೂ ಇರುವ ಅಂತರ, ಅದಕ್ಕೆ ತೂಕ ಹಾಕಿ ವರ್ಗಗಳ ಮೊತ್ತವನ್ನು ಕನಿಷ್ಠ ಮಾಡುವುದು. ಪ್ರತಿ ನೋಡಿನ (ಜಾಲದ ಕೂಡುಬಿಂದುವಿನ) ವೋಲ್ಟೇಜ್ ಪ್ರಮಾಣ ಮತ್ತು ಕೋನ, ಅಂದರೆ ಹುಡುಕಬೇಕಾದವು, ಸ್ಟೇಟ್‌ಗಳು. ಮೂರು ಕಡೆ ಸಿಕ್ಕಿಹಾಕಿಕೊಂಡಿದೆ, ಬಲ್ಲವರು ಬಿಡಿಸಿ ಹೇಳಿ.

ಜಾಲದ ವಿವರ: ಮುಖ್ಯ ಲೈನ್ 6 ಕಿ.ಮೀ. ಒಟ್ಟು 74 ನೋಡು, ಎಲ್ಲವೂ ಮೂರು ಫೇಸ್. ಒಂದು ಸಬ್‌ಸ್ಟೇಷನ್ ಬಸ್, 52ರಲ್ಲಿ ಟಿಸಿ (ವಿತರಣಾ ಟ್ರಾನ್ಸ್‌ಫಾರ್ಮರ್), ಉಳಿದ 21 ಬರೀ ಕವಲು. ಟಿಸಿಗಳೆಲ್ಲ 11/0.433 ಕೆವಿ, ಡೆಲ್ಟಾ-ಸ್ಟಾರ್. ಪೀಕ್ ಹೊತ್ತಿನಲ್ಲಿ ಫೀಡರ್ ತಲೆಯಲ್ಲಿ ಸುಮಾರು 2 ಮೆಗಾವ್ಯಾಟ್, 1 ಮೆಗಾವಾರ್.

ಇರುವ ಅಳತೆ: ತಲೆಯಲ್ಲಿ ಮೂರೂ ಫೇಸಿನ ವೋಲ್ಟೇಜ್, ಪಿ (ನೈಜ ಪವರ್), ಕ್ಯೂ (ರಿಯಾಕ್ಟಿವ್ ಪವರ್). ನಡುವೆ ಎರಡು ರಿಕ್ಲೋಸರ್ (ದೋಷ ಬಂದಾಗ ಲೈನ್ ಕಡಿದು ತಾನೇ ಮತ್ತೆ ಸೇರಿಸುವ ಸ್ವಿಚ್), ಅವುಗಳಿಂದ ಕರೆಂಟಿನ ಪ್ರಮಾಣ ಮಾತ್ರ. 15 ಟಿಸಿಗಳಿಗೆ ಮೀಟರ್ ಇದೆ, 15 ನಿಮಿಷದ ಲೆಕ್ಕ, ಆದರೆ ಅದು ಕೈಗೆ ಬರುವುದು ಮರುದಿನ. ಹಾಗಾಗಿ ತಲೆಯ ಪಿ, ಕ್ಯೂಗಳನ್ನು ಟಿಸಿಗಳ ಕೆವಿಎ ಅನುಪಾತದಲ್ಲಿ ಹಂಚಿ ಹುಸಿ ಅಳತೆ ಮಾಡಿಕೊಂಡಿದ್ದೇನೆ. ಎಲ್ಲಕ್ಕೂ ಗರಿಷ್ಠ ದೋಷ ಶೇ. 50, ಅಂದರೆ ಸಿಗ್ಮಾ (ಸ್ಟ್ಯಾಂಡರ್ಡ್ ಡೀವಿಯೇಶನ್, ಗರಿಷ್ಠ ದೋಷದ ಮೂರನೇ ಒಂದು) ಶೇ. 16.7.

ತೊಂದರೆ ಇವು.

1. ರಿಕ್ಲೋಸರ್ ಕರೆಂಟ್ ಸೇರಿಸಿದ ಕೂಡಲೇ ಮೊದಲ ಸುತ್ತಿನಲ್ಲೇ ಸೊನ್ನೆಯಿಂದ ಭಾಗಿಸಿದ ದೋಷ ಬರುತ್ತದೆ.

2. ಲೋಡ್ ಇಲ್ಲದ 21 ನೋಡುಗಳಿಗೆ ಶೂನ್ಯ ಇಂಜೆಕ್ಷನ್ ಎಂದು 10ರ ಘಾತ 10ರಷ್ಟು ತೂಕ ಕೊಟ್ಟರೆ ಚೊಲೆಸ್ಕಿ (ಸಮೀಕರಣ ಬಿಡಿಸಲು ಮ್ಯಾಟ್ರಿಕ್ಸನ್ನು ಒಡೆಯುವ ವಿಧಾನ) ಮುರಿದು ಬೀಳುತ್ತದೆ. 10ರ ಘಾತ 6ಕ್ಕೆ ಇಳಿಸಿದರೆ ಉತ್ತರ ಬರುತ್ತದೆ, ಆದರೆ ಖಾಲಿ ಕವಲುಗಳಲ್ಲಿ ಒಂದೆರಡು ಕಿಲೋವ್ಯಾಟ್ ಲೋಡ್ ಕಾಣಿಸಿಕೊಳ್ಳುತ್ತದೆ.

3. ಉತ್ತರ ಬಂದಾಗ ಜೆ, ಅಂದರೆ ತೂಕ ಹಾಕಿದ ಉಳಿಕೆಗಳ ವರ್ಗಗಳ ಮೊತ್ತ, ಸುಮಾರು 4. ದಾಟಿದರೆ ಅಳತೆಗಳಲ್ಲಿ ತಪ್ಪಿದೆ ಎನ್ನುವ ಕೈ-ಸ್ಕ್ವೇರ್ ಮಿತಿ 21. ಅಂದರೆ ಎಲ್ಲ ಸರಿ ಇರಬೇಕು. ಆದರೆ ಫೀಡರ್ ತುದಿಯ ಟಿಸಿಯ ಎಲ್‌ಟಿ (ಕಡಿಮೆ ವೋಲ್ಟೇಜ್) ಬದಿಯಲ್ಲಿ ಟೆಸ್ಟ್ ಮೀಟರ್ 403 ವೋಲ್ಟ್ ತೋರಿಸುತ್ತಿದೆ. ಪ್ರೋಗ್ರಾಂ ಅದೇ ಹೊತ್ತಿಗೆ ಎಚ್‌ಟಿ (11 ಕೆವಿ) ಬದಿಯಲ್ಲಿ 10.50 ಕೆವಿ ಎನ್ನುತ್ತದೆ. ಟಿಸಿಯ ಅನುಪಾತ 25.4ರಿಂದ ಭಾಗಿಸಿದರೆ 413 ವೋಲ್ಟ್. ಶೇ. 2.5ರಷ್ಟು ಅಂತರ. ಹುಸಿ ಅಳತೆಗಳ ತಪ್ಪೇ ಇದು?

---

ಅಡ್ಮಿಟೆನ್ಸ್ ಉತ್ತರ:

ಮೊದಲ ಎರಡಕ್ಕೆ ಹೇಳುತ್ತೇನೆ. ಮೂರನೆಯದು ಬೇರೆಯದೇ ಕಥೆ.

ಕರೆಂಟಿನ ಪ್ರಮಾಣದ ಅಳತೆಯನ್ನು ಫ್ಲ್ಯಾಟ್ ಸ್ಟಾರ್ಟಿನಲ್ಲಿ ಸೇರಿಸಲೇಬಾರದು. ಎಲ್ಲ ನೋಡುಗಳೂ 1.0 ಪರ್ ಯೂನಿಟ್‌ನಲ್ಲಿದ್ದರೆ ಲೈನಿನ ಎರಡು ತುದಿಗಳ ನಡುವೆ ವ್ಯತ್ಯಾಸವೇ ಇಲ್ಲ, ಕರೆಂಟ್ ಸೊನ್ನೆ. ಪ್ರಮಾಣದ ಡೆರಿವೇಟಿವ್‌ನಲ್ಲಿ ಕರೆಂಟೇ ಛೇದದಲ್ಲಿ ಕೂತಿರುತ್ತದೆ, ಆದ್ದರಿಂದ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಕರೆಂಟಿನ ವರ್ಗವನ್ನು ಅಳತೆಯಾಗಿ ಇಟ್ಟುಕೊಂಡರೆ ಭಾಗಾಕಾರದ ದೋಷ ಹೋಗುತ್ತದೆ, ಆದರೆ ಆರಂಭದಲ್ಲಿ ಆ ಸಾಲು ಪೂರ್ತಿ ಸೊನ್ನೆಯೇ ಆಗಿರುತ್ತದೆ, ಮೊದಲ ಸುತ್ತಿಗೆ ಪ್ರಯೋಜನವಿಲ್ಲ. ವರ್ಗ ಬಳಸಿದರೆ ಸಿಗ್ಮಾವನ್ನೂ ಬದಲಿಸಬೇಕು: ಕರೆಂಟಿನ ಎರಡರಷ್ಟನ್ನು ಹಳೆಯ ಸಿಗ್ಮಾದಿಂದ ಗುಣಿಸಿ. ಇದನ್ನು ಮರೆಯುವವರೇ ಹೆಚ್ಚು.

ಸರಿಯಾದ ದಾರಿ ಎಂದರೆ ಹುಸಿ ಲೋಡ್‌ಗಳನ್ನೇ ಇಟ್ಟುಕೊಂಡು ಒಂದು ಬ್ಯಾಕ್‌ವರ್ಡ್-ಫಾರ್ವರ್ಡ್ ಸ್ವೀಪ್ ಲೋಡ್‌ಫ್ಲೋ ಓಡಿಸಿ, ಅದರ ಉತ್ತರದಿಂದ ಎಸ್ಟಿಮೇಶನ್ ಶುರು ಮಾಡುವುದು. ರೇಡಿಯಲ್ ಜಾಲದಲ್ಲಿ ಅದು ನಾಲ್ಕೈದು ಸುತ್ತಿಗೆ ಮುಗಿಯುತ್ತದೆ. ಇನ್ನೊಂದು ಲಾಭವೂ ಇದೆ. ಕರೆಂಟಿನ ಪ್ರಮಾಣಕ್ಕೆ ದಿಕ್ಕು ಗೊತ್ತಿಲ್ಲ. ಪವರ್ ಮುಂದಕ್ಕೆ ಹೋದರೂ ಹಿಂದಕ್ಕೆ ಬಂದರೂ 80 ಆಂಪಿಯರ್ 80 ಆಂಪಿಯರೇ. ಆರಂಭದ ಬಿಂದು ನಿಜಕ್ಕೆ ಹತ್ತಿರ ಇದ್ದರೆ ಲೆಕ್ಕ ಸರಿಯಾದ ದಿಕ್ಕಿಗೆ ಇಳಿಯುತ್ತದೆ. ರಿಕ್ಲೋಸರ್‌ನ ಆಚೆ ಸೋಲಾರ್ ಜಾಸ್ತಿ ಇರುವ ಫೀಡರ್ ಆದರೆ ಮಧ್ಯಾಹ್ನದ ಹೊತ್ತು ಈ ಭರವಸೆಯೂ ಇರದು. ಆಗ ಆ ರಿಕ್ಲೋಸರ್‌ನಿಂದ ಪಿ, ಕ್ಯೂ ಅನ್ನೇ ತರಿಸಿಕೊಳ್ಳಬೇಕು.

ಈಗ ಶೂನ್ಯ ಇಂಜೆಕ್ಷನ್. ನಿಮ್ಮ ಬೇಸ್ 1 ಎಂವಿಎ ಎಂದುಕೊಳ್ಳುತ್ತೇನೆ. ತೂಕ 10ರ ಘಾತ 6 ಅಂದರೆ ಸಿಗ್ಮಾ 0.001 ಪರ್ ಯೂನಿಟ್, ಅಂದರೆ 1 ಕಿಲೋವ್ಯಾಟ್. ಖಾಲಿ ಕವಲಿನಲ್ಲಿ ಒಂದು ಕಿಲೋವ್ಯಾಟ್ ಇದ್ದರೂ ಪರವಾಗಿಲ್ಲ ಎಂದು ನೀವೇ ಒಪ್ಪಿಗೆ ಕೊಟ್ಟಿದ್ದೀರಿ, ಪ್ರೋಗ್ರಾಂ ಅದನ್ನು ಬಳಸಿಕೊಂಡಿದೆ. ತೂಕ ಏರಿಸಿದರೆ ಗೇನ್ ಮ್ಯಾಟ್ರಿಕ್ಸ್ (ಪ್ರತಿ ಸುತ್ತಿನಲ್ಲಿ ಬಿಡಿಸುವ ಸಮೀಕರಣಗಳದ್ದು) ಕೆಡುತ್ತದೆ, ಏಕೆಂದರೆ ಅದರ ಕಂಡಿಶನ್ ನಂಬರ್ (ಲೆಕ್ಕದ ದೋಷ ಎಷ್ಟು ಹಿಗ್ಗುತ್ತದೆ ಎಂಬ ಅಳತೆ), ಡೆರಿವೇಟಿವ್‌ಗಳ ಮ್ಯಾಟ್ರಿಕ್ಸ್ ಆದ ತೂಕ ಹಾಕಿದ ಜಾಕೋಬಿಯನ್‌ನ ಕಂಡಿಶನ್ ನಂಬರಿನ ವರ್ಗ. ಅದರ ಮೇಲೆ ಗಿಡ್ಡ ಲೈನುಗಳ ಕಾಟ. 11 ಕೆವಿ, 1 ಎಂವಿಎಗೆ ಬೇಸ್ ಇಂಪಿಡೆನ್ಸ್ 121 ಓಮ್. 30 ಮೀಟರ್ ತುಂಡಿನ ಇಂಪಿಡೆನ್ಸ್ ಸುಮಾರು 0.02 ಓಮ್, ಅಡ್ಮಿಟೆನ್ಸ್ 6000 ಪರ್ ಯೂನಿಟ್. ಎರಡು ಕಿ.ಮೀ. ಲೈನಿನದ್ದು 90ರ ಆಸುಪಾಸು. ಈ ಅನುಪಾತವೂ ಗೇನ್ ಮ್ಯಾಟ್ರಿಕ್ಸ್‌ನಲ್ಲಿ ವರ್ಗವಾಗಿಯೇ ಬರುತ್ತದೆ. ಡಬಲ್ ಪ್ರಿಸಿಶನ್‌ನ 16 ಅಂಕೆ ಇಲ್ಲೇ ಖರ್ಚಾಗುತ್ತವೆ.

ಮಾಡಬೇಕಾದದ್ದು ಇಷ್ಟು. ಜಂಪರ್, ಸ್ವಿಚ್, ಹತ್ತಿಪ್ಪತ್ತು ಮೀಟರಿನ ತುಂಡು ಇವುಗಳ ಎರಡು ತುದಿಗಳನ್ನು ಒಂದೇ ನೋಡಾಗಿ ಬೆಸೆಯಿರಿ. ಶೂನ್ಯ ಇಂಜೆಕ್ಷನ್‌ಗಳನ್ನು ಅಳತೆಗಳ ಪಟ್ಟಿಯಿಂದ ತೆಗೆದು ಕಟ್ಟುನಿಟ್ಟಿನ ಸಮೀಕರಣಗಳಾಗಿ ಲಗ್ರಾಂಜ್ ಗುಣಕದ ಜೊತೆ ಸೇರಿಸಿ. ಆಗ ಬರುವ ದೊಡ್ಡ ಮ್ಯಾಟ್ರಿಕ್ಸ್ ಸಿಮೆಟ್ರಿಕ್, ಆದರೆ ಪಾಸಿಟಿವ್ ಡೆಫಿನಿಟ್ ಅಲ್ಲ. ಅದಕ್ಕೆ ಚೊಲೆಸ್ಕಿ ಹಾಕಿದರೆ ಮತ್ತೆ ಬೀಳುತ್ತದೆ. ಪಿವೋಟಿಂಗ್ ಇರುವ ಎಲ್‌ಡಿಎಲ್ ಅಥವಾ ಸ್ಪಾರ್ಸ್ ಎಲ್‌ಯು ಬಳಸಿ.

ಇದಕ್ಕಿಂತ ಸುಲಭದ್ದೂ ಇದೆ: ಶೂನ್ಯ ಇಂಜೆಕ್ಷನ್ ಅಂದರೆ ಕರೆಂಟೂ ಶೂನ್ಯ, ಆದ್ದರಿಂದ ಆ ನೋಡುಗಳನ್ನು ಕ್ರಾನ್ ರಿಡಕ್ಷನ್‌ನಿಂದ ಪೂರ್ತಿ ತೆಗೆದುಬಿಡಬಹುದು. ಇದರಲ್ಲಿ ಅಂದಾಜು ಏನೂ ಇಲ್ಲ, ಉತ್ತರ ನಿಖರ. 441 ಸ್ಟೇಟ್‌ಗಳು 315ಕ್ಕೆ ಇಳಿಯುತ್ತವೆ. ಆದರೆ ರಿಕ್ಲೋಸರ್ ಇರುವ ಲೈನಿನ ಎರಡೂ ತುದಿಗಳನ್ನು ಉಳಿಸಿಕೊಳ್ಳಿ. ಅವನ್ನೂ ತೆಗೆದರೆ ಕವಲುಗಳು ಬಲೆಯಂತೆ ಒಂದಕ್ಕೊಂದು ಹೆಣೆದುಕೊಂಡು, ಅಳೆದ ಕರೆಂಟ್ ಯಾವ ಲೈನಿನದ್ದು ಎಂದು ಹೇಳಲು ಲೈನೇ ಇರುವುದಿಲ್ಲ.

---

ಉಳಿಕೆ_ವರ್ಗ ಉತ್ತರ:

ಮೂರನೆಯ ಪ್ರಶ್ನೆಯಲ್ಲಿ ಜೆ ಭಾಗ ನನಗಿರಲಿ. ಎಣಿಸಿ ನೋಡೋಣ.

ಸ್ಟೇಟ್‌ಗಳು: 74 ನೋಡು × 3 ಫೇಸ್ × 2 = 444. ತಲೆಯ ಮೂರು ಕೋನಗಳನ್ನು ನೀವು ಸ್ಥಿರವಾಗಿ ಇಟ್ಟಿರುತ್ತೀರಿ, ಅವನ್ನು ಕಳೆದರೆ 441. ಅಳತೆಗಳು: ತಲೆಯಲ್ಲಿ 9, ರಿಕ್ಲೋಸರ್ 6, ಟಿಸಿಗಳ ಹುಸಿ ಅಳತೆ 312, ಶೂನ್ಯ ಇಂಜೆಕ್ಷನ್ 126. ಒಟ್ಟು 453. ಹೆಚ್ಚುವರಿ ಇರುವುದು 12. ಅದಕ್ಕೇ ನಿಮ್ಮ ಮಿತಿ 21 ಬಂದಿದೆ: 12 ಡಿಗ್ರಿ ಆಫ್ ಫ್ರೀಡಂಗೆ ಶೇ. 95ರ ಗಡಿ 21.03.

ಟ್ರಾನ್ಸ್‌ಮಿಷನ್ ಜಾಲದಲ್ಲಿ ಸ್ಟೇಟ್‌ಗಳ ಎರಡು ಮೂರು ಪಟ್ಟು ಅಳತೆ ಇರುತ್ತದೆ. ಫ್ರೆಡ್ ಶ್ವೆಪ್ಪೆ 1970ರಲ್ಲಿ ಈ ವಿಧಾನ ಮುಂದಿಟ್ಟದ್ದೂ ಅಂಥ ಜಾಲವನ್ನು ಮನಸ್ಸಿನಲ್ಲಿಟ್ಟುಕೊಂಡೇ. ನಿಮ್ಮಲ್ಲಿ ಅದು 1.03 ಪಟ್ಟು. ಅದರಲ್ಲೂ ಈ 12 ಯಾವುವು ನೋಡಿ: ತಲೆಯ ಪಿ, ಕ್ಯೂ ಆರು, ರಿಕ್ಲೋಸರ್ ಕರೆಂಟ್ ಆರು. ಹುಸಿ ಲೋಡ್‌ಗಳನ್ನು ನೀವು ತಲೆಯ ಪಿ, ಕ್ಯೂ ಹಂಚಿಯೇ ಮಾಡಿದ್ದೀರಿ. ಅಂದರೆ ಮೊದಲ ಆರರ ಉಳಿಕೆ ಸೊನ್ನೆಯ ಹತ್ತಿರ ಇರುವಂತೆ ಮೊದಲೇ ವ್ಯವಸ್ಥೆ ಆಗಿದೆ, ಲೈನ್ ಲಾಸ್ ಬಿಟ್ಟರೆ. ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕಟಕಟೆಗೆ ಕರೆದು ಇಬ್ಬರೂ ಒಂದೇ ಮಾತು ಹೇಳಿದರು ಎಂದಂತೆ. ನಿಜವಾಗಿ ಉಳಿದ ಪರೀಕ್ಷೆ ಆರೇ. ಆರಕ್ಕೆ ಜೆ 4 ಬಂದರೆ ಅದು ಒಳ್ಳೆಯ ಸುದ್ದಿಯೂ ಅಲ್ಲ, ಕೆಟ್ಟದ್ದೂ ಅಲ್ಲ.

ಇನ್ನೊಂದು ಲೆಕ್ಕ. ಪ್ರತಿ ಫೇಸಿಗೆ 667 ಕಿಲೋವ್ಯಾಟ್, 52 ಟಿಸಿ. ಸರಾಸರಿ ಒಂದಕ್ಕೆ 12.8. ಶೇ. 16.7 ಸಿಗ್ಮಾ ಅಂದರೆ 2.14 ಕಿಲೋವ್ಯಾಟ್. ದೋಷಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡರೆ ಒಟ್ಟು ಸಿಗ್ಮಾ 15.4 ಕಿಲೋವ್ಯಾಟ್. ತಲೆಯ ಮೀಟರಿಗೆ ಶೇ. 1 ಗರಿಷ್ಠ ದೋಷ ಕೊಟ್ಟಿದ್ದರೆ ಅದರ ಸಿಗ್ಮಾ 2.2. ಈಗ ತಲೆಯ ಮೀಟರ್ 20 ಕಿಲೋವ್ಯಾಟ್ ತಪ್ಪು ಓದಿತು ಎನ್ನಿ, ಅದರದ್ದೇ ಲೆಕ್ಕದಲ್ಲಿ 9 ಸಿಗ್ಮಾ. ಹುಸಿ ಲೋಡ್‌ಗಳನ್ನು ಸ್ವತಂತ್ರವಾಗಿ ಮಾಡಿದ್ದರೂ ಆ ತಪ್ಪಿನಲ್ಲಿ ಶೇ. 2 ಮಾತ್ರ, ಅಂದರೆ 0.4 ಕಿಲೋವ್ಯಾಟ್, ತಲೆಯ ಅಳತೆಯ ಉಳಿಕೆಯಲ್ಲಿ ಕಾಣುತ್ತದೆ. ಮಿಕ್ಕದ್ದನ್ನು 52 ಟಿಸಿಗಳು ಸದ್ದಿಲ್ಲದೆ ಹಂಚಿಕೊಳ್ಳುತ್ತವೆ. ನಾರ್ಮಲೈಸ್ಡ್ ಉಳಿಕೆ (ತನ್ನ ಸಿಗ್ಮಾದಿಂದ ಭಾಗಿಸಿದ್ದು) 1.3 ಬರುತ್ತದೆ, ನಾವೆಲ್ಲ ಎಚ್ಚರಿಕೆಗೆ ಇಟ್ಟುಕೊಳ್ಳುವ ಮಿತಿ 3. ಸಿಕ್ಕಿಬೀಳುವುದೇ ಇಲ್ಲ.

ತಲೆಯ ವೋಲ್ಟೇಜ್ ಇನ್ನೂ ಕಷ್ಟ. ಅದನ್ನು ಅಡ್ಡಪರೀಕ್ಷೆ ಮಾಡಲು ಬೇರೆ ವೋಲ್ಟೇಜ್ ಅಳತೆಯೇ ಇಲ್ಲ, ಉಳಿಕೆ ಬಹುತೇಕ ಸೊನ್ನೆ. ಪಿಟಿ (ವೋಲ್ಟೇಜ್ ಅಳೆಯಲು ಇರುವ ಟ್ರಾನ್ಸ್‌ಫಾರ್ಮರ್) ಶೇ. 2 ತಪ್ಪಿದ್ದರೆ ಇಡೀ ಫೀಡರ್‌ನ ವೋಲ್ಟೇಜ್ ಪ್ರೊಫೈಲ್ ಶೇ. 2 ಸರಿದು ಕೂರುತ್ತದೆ, ಜೆ ಮಾತ್ರ ಅಲ್ಲಾಡುವುದಿಲ್ಲ. ಪಿ, ಕ್ಯೂ ಕೂಡ ಅದೇ ಪಿಟಿಯಿಂದ ಬಂದವು ಎಂಬುದನ್ನೂ ಮರೆಯಬೇಡಿ.

ಒಟ್ಟಿನಲ್ಲಿ ಈ ಜಾಲದಲ್ಲಿ ಜೆಯನ್ನು ನಂಬಿ ಏನನ್ನೂ ಹೇಳಲಾಗದು. ನೋಡಬೇಕಾದದ್ದು ಉತ್ತರದ ಕೋವೇರಿಯನ್ಸ್ (ಉತ್ತರ ಎಷ್ಟು ಅನಿಶ್ಚಿತ ಎಂಬ ಲೆಕ್ಕ): ಗೇನ್ ಮ್ಯಾಟ್ರಿಕ್ಸ್‌ನ ವಿಲೋಮದ ಕರ್ಣ. ಪ್ರತಿ ನೋಡಿನ ವೋಲ್ಟೇಜಿನ ಪಕ್ಕ ಅದರ ಸಿಗ್ಮಾವನ್ನೂ ಅಚ್ಚು ಹಾಕಿಸಿ. ಅಡ್ಮಿಟೆನ್ಸ್ ಹೇಳಿದಂತೆ ಲಗ್ರಾಂಜ್ ವಿಧಾನಕ್ಕೆ ಹೋದರೆ ದೊಡ್ಡ ಮ್ಯಾಟ್ರಿಕ್ಸ್‌ನ ವಿಲೋಮದಲ್ಲಿ ಎಡ-ಮೇಲಿನ ಭಾಗ ಅದೇ.

---

ಟಿಸಿಕಟ್ಟೆ ಉತ್ತರ:

ಶೇ. 2.5 ಎಂದ ಕೂಡಲೇ ಮೊದಲು ಟಿಸಿಯ ಟ್ಯಾಪ್ ನೋಡಿ. ಆಫ್-ಲೋಡ್ ಟ್ಯಾಪ್‌ಗಳು ಸಾಮಾನ್ಯವಾಗಿ 2.5ರ ಹೆಜ್ಜೆಯಲ್ಲೇ ಇರುತ್ತವೆ. ಎಚ್‌ಟಿ ಬದಿ ಒಂದು ಹೆಜ್ಜೆ ಮೇಲಿದ್ದರೆ ಅನುಪಾತ 25.4 ಅಲ್ಲ, 26.04. ಅಷ್ಟಕ್ಕೇ 10 ವೋಲ್ಟ್ ಹೋಯಿತು.

ಎರಡನೆಯದು, 10.50ನ್ನು 25.4ರಿಂದ ಭಾಗಿಸಿ 413 ಎಂದಿರಿ. ಅದು ಲೋಡ್ ಇಲ್ಲದ ಟಿಸಿಯ ಲೆಕ್ಕ. ಟಿಸಿಯೊಳಗಿನ ಇಳಿತ ಎಲ್ಲಿ? 100 ಕೆವಿಎ ಟಿಸಿ, ರೆಸಿಸ್ಟೆನ್ಸ್ ಶೇ. 1.7, ರಿಯಾಕ್ಟೆನ್ಸ್ ಶೇ. 4.15 ಇದ್ದು, ಶೇ. 60 ಲೋಡ್, ಪವರ್ ಫ್ಯಾಕ್ಟರ್ 0.9 ಎಂದುಕೊಳ್ಳಿ. ಇಳಿತ = 0.6 × (1.7 × 0.9 + 4.15 × 0.436), ಅಂದರೆ ಶೇ. 2.0. ನಿಮ್ಮ ಅಂತರದ ಬಹುಪಾಲು ಇಲ್ಲೇ ಸಿಕ್ಕಿತು. ನೇಮ್‌ಪ್ಲೇಟ್‌ನ ಇಂಪಿಡೆನ್ಸ್ ಮತ್ತು ಆ ಹೊತ್ತಿನ ಲೋಡ್ ಹಾಕಿ ಮತ್ತೆ ಲೆಕ್ಕ ಮಾಡಿ.

ಈಗ ನಿಮ್ಮ ಅನುಮಾನಕ್ಕೆ ಬರೋಣ: ಹುಸಿ ಅಳತೆಗಳ ತಪ್ಪೇ? ಬರೀ ಅದರಿಂದ ಶೇ. 2.5 ಬರುವುದು ಕಷ್ಟ. ಲೈನ್ 0.55 ಓಮ್ ರೆಸಿಸ್ಟೆನ್ಸ್, 0.36 ರಿಯಾಕ್ಟೆನ್ಸ್ ಪ್ರತಿ ಕಿ.ಮೀ.ಗೆ ಎಂದಿಟ್ಟುಕೊಳ್ಳಿ. 6 ಕಿ.ಮೀ.ಗೆ 3.3 ಮತ್ತು 2.16. ಎಲ್ಲ ಲೋಡೂ ತುದಿಯಲ್ಲೇ ಇದ್ದಿದ್ದರೆ ಇಳಿತ (3.3 × 2 + 2.16 × 1) ÷ 11 = 0.80 ಕೆವಿ, ಅಂದರೆ ಶೇ. 7.2. ಲೋಡ್ ಉದ್ದಕ್ಕೂ ಸಮನಾಗಿ ಹರಡಿದ್ದರೆ ಅದರ ಅರ್ಧ, ಶೇ. 3.6. ಒಟ್ಟು ಲೋಡನ್ನು ತಲೆಯ ಮೀಟರ್ ಕಟ್ಟಿಹಾಕಿದೆ, ಆದ್ದರಿಂದ ತುದಿಯ ಇಳಿತ ನಿಂತಿರುವುದು ಲೋಡಿನ ಕೇಂದ್ರ ತಲೆಯಿಂದ ಎಷ್ಟು ದೂರದಲ್ಲಿದೆ ಎಂಬುದರ ಮೇಲೆ. ಶೇ. 2.5 ತಪ್ಪಬೇಕಾದರೆ ಆ ಕೇಂದ್ರ ಲೈನಿನ ಉದ್ದದ ಶೇ. 35ರಷ್ಟು, ಅಂದರೆ 2 ಕಿ.ಮೀ.ಗೂ ಹೆಚ್ಚು ಸರಿಯಬೇಕು. 52 ಟಿಸಿಗಳ ಅಂದಾಜು ಅಲ್ಲೊಂದು ಹೆಚ್ಚು ಇಲ್ಲೊಂದು ಕಡಿಮೆ ಆದರೆ ಅಷ್ಟು ಸರಿಯುವುದಿಲ್ಲ. ತುದಿಯಲ್ಲಿ ದೊಡ್ಡ ಎಚ್‌ಟಿ ಗ್ರಾಹಕರಿದ್ದು ಅವರನ್ನೇ ಬಿಟ್ಟಿದ್ದರೆ ಬೇರೆ ಮಾತು.

ಹುಸಿ ಅಳತೆಗಿಂತ ಲೈನಿನ ದಾಖಲೆ ಹೆಚ್ಚು ಮೋಸ ಮಾಡುತ್ತದೆ. ರ‍್ಯಾಬಿಟ್ ವಾಹಕ ಇರುವಲ್ಲಿ ಅದಕ್ಕಿಂತ ದಪ್ಪನೆಯ ಡಾಗ್ ಎಂದು ಬರೆದಿದ್ದರೆ 0.55 ಬದಲು 0.28 ಓಮ್ ಆಗುತ್ತದೆ, ಮೇಲಿನ ಶೇ. 3.6 ಇಳಿತ 2.3ಕ್ಕೆ ಬೀಳುತ್ತದೆ. ರೆಸಿಸ್ಟೆನ್ಸ್ ಅನ್ನು 20 ಡಿಗ್ರಿಯ ಪಟ್ಟಿಯಿಂದ ಎತ್ತಿಕೊಂಡು, ವಾಹಕ ನಿಜವಾಗಿ 75 ಡಿಗ್ರಿಯಲ್ಲಿದ್ದರೆ ನಿಜವಾದದ್ದು ನೀವು ಹಾಕಿದ್ದಕ್ಕಿಂತ ಶೇ. 22 ಹೆಚ್ಚು. ತುದಿಯಲ್ಲಿ ಅದು ಶೇ. 0.6. ದಾಖಲೆ ಪರಿಶೀಲಿಸುವಾಗ ತಲೆಯ ಕಡೆಯಿಂದ ಶುರು ಮಾಡಿ. ಸಮ ಹರಡಿದ ಲೋಡಿನಲ್ಲಿ ಮೊದಲ ಮೂರನೇ ಒಂದು ಭಾಗದಲ್ಲೇ ಒಟ್ಟು ಇಳಿತದ ಶೇ. 56 ಆಗಿಹೋಗಿರುತ್ತದೆ. ಕೊನೆಯ ಕಿ.ಮೀ.ನ ವಾಹಕ ಯಾವುದಿದ್ದರೂ ದೊಡ್ಡ ವ್ಯತ್ಯಾಸವಿಲ್ಲ.

ಮತ್ತೊಂದು ಅನುಮಾನ. 15 ಮೀಟರ್ ಇರುವ ಟಿಸಿಗಳ ಎಲ್‌ಟಿ ಬದಿಯ ಫೇಸ್‌ವಾರು ಪಿ, ಕ್ಯೂ ಅನ್ನು ಹಾಗೇ ಎಚ್‌ಟಿ ಫೇಸ್‌ಗಳಿಗೆ ಹಾಕಿದ್ದೀರಾ? ಡೆಲ್ಟಾ-ಸ್ಟಾರ್‌ನಲ್ಲಿ ಅದು ತಪ್ಪು. ಎಲ್‌ಟಿಯ ಒಂದೇ ಫೇಸಿನಲ್ಲಿ 30 ಕಿಲೋವ್ಯಾಟ್, ಯೂನಿಟಿ ಪವರ್ ಫ್ಯಾಕ್ಟರ್ ಇದೆ ಎನ್ನಿ. ಎಚ್‌ಟಿ ಬದಿಯಲ್ಲಿ ಅದು ಎರಡು ಲೈನುಗಳ ನಡುವಿನ ಲೋಡ್. ಎರಡಕ್ಕೂ 15 ಕಿಲೋವ್ಯಾಟ್ ಹಂಚಿಹೋಗುತ್ತದೆ, ಜೊತೆಗೆ ಒಂದರಲ್ಲಿ ಕಳೆ 8.66, ಇನ್ನೊಂದರಲ್ಲಿ ಕೂಡು 8.66 ಕೆವಾರ್ ಹುಟ್ಟುತ್ತದೆ. ಎಲ್‌ಟಿಯಲ್ಲಿ ಇಲ್ಲದ ರಿಯಾಕ್ಟಿವ್ ಪವರ್ ಎಚ್‌ಟಿಯಲ್ಲಿ ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಳ್ಳುವವರು ಇದನ್ನು ನೋಡಿರುವುದಿಲ್ಲ. ಟಿಸಿಯನ್ನು ವೆಕ್ಟರ್ ಗ್ರೂಪ್, ಟ್ಯಾಪ್ ಸಮೇತ ಮಾದರಿಯೊಳಗೇ ಸೇರಿಸಿ, ಲೋಡನ್ನು ಎಲ್‌ಟಿ ನೋಡಿನಲ್ಲಿ ಇಡಿ. 312 ಸ್ಟೇಟ್ ಹೆಚ್ಚುತ್ತವೆ. ಎಚ್‌ಟಿ ನೋಡುಗಳು ಶೂನ್ಯ ಇಂಜೆಕ್ಷನ್ ಆಗುವುದರಿಂದ ಅಷ್ಟೇ ಸಮೀಕರಣಗಳೂ ಸೇರುತ್ತವೆ. ಉಳಿಕೆ_ವರ್ಗ ಎಣಿಸಿದ 12 ಹಾಗೇ ಇರುತ್ತದೆ. ಟೆಸ್ಟ್ ಮೀಟರ್ ಓದಿದ 403ನ್ನು ನೇರವಾಗಿ ಹೋಲಿಸಲೂ ಬರುತ್ತದೆ.

---

ಪಿವೋಟ್ ಉತ್ತರ:

ಇಷ್ಟೆಲ್ಲ ಯಾಕೆ? ಕವಲಿನ ಕರೆಂಟನ್ನೇ ಸ್ಟೇಟ್ ಮಾಡಿಕೊಳ್ಳಿ. ಬರಾನ್ ಮತ್ತು ಕೆಲ್ಲಿ 1995ರಲ್ಲೇ ಬರೆದಿದ್ದಾರೆ. ರೇಡಿಯಲ್‌ಗೆ ಹೇಳಿ ಮಾಡಿಸಿದ್ದು, ಗಿಡ್ಡ ಲೈನಿನ ತಾಪತ್ರಯ ಇಲ್ಲ, ಶೂನ್ಯ ಇಂಜೆಕ್ಷನ್ ಬರೀ ಕೂಡು-ಕಳೆ.

---

ಅಡ್ಮಿಟೆನ್ಸ್ ಉತ್ತರ:

@ಪಿವೋಟ್ ಒಪ್ಪುತ್ತೇನೆ, ಹೊಸದಾಗಿ ಶುರು ಮಾಡುವವರಿಗೆ ಅದನ್ನೇ ಹೇಳುವುದು. ಆದರೆ ವೋಲ್ಟೇಜ್ ಅಳತೆಗಳು ಹೆಚ್ಚಿದಂತೆ ಅದರ ಸರಳತೆ ಕರಗುತ್ತದೆ: ಪ್ರತಿ ವೋಲ್ಟೇಜ್ ಅಳತೆಯೂ ತಲೆಯಿಂದ ಆ ನೋಡಿನವರೆಗಿನ ಎಲ್ಲ ಕವಲುಗಳನ್ನೂ ಮುಟ್ಟುತ್ತದೆ. ಲೂಪ್ ಮುಚ್ಚಿದರೆ ಇನ್ನೊಂದಷ್ಟು ಸಮೀಕರಣ. ಇವರ ಪ್ರೋಗ್ರಾಂ ಈಗಾಗಲೇ ನೋಡ್ ವೋಲ್ಟೇಜ್‌ನಲ್ಲಿ ಇದೆ, ಅದನ್ನೇ ರಿಪೇರಿ ಮಾಡುವುದು ಒಂದು ದಿನದ ಕೆಲಸ. ಉತ್ತರದ ನಿಖರತೆಯಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಅದನ್ನು ತೀರ್ಮಾನಿಸುವುದು ಅಳತೆಗಳು, ಸ್ಟೇಟ್ ಯಾವುದು ಎಂಬುದಲ್ಲ.

---

ಫೀಡರ್‌ಲೆಕ್ಕ ಮರುಪ್ರಶ್ನೆ:

ಎಲ್ಲರಿಗೂ ಧನ್ಯವಾದ. ಲೋಡ್‌ಫ್ಲೋನಿಂದ ಶುರು ಮಾಡಿದ ಮೇಲೆ ರಿಕ್ಲೋಸರ್ ಕರೆಂಟ್ ಸಮೇತ 5 ಸುತ್ತಿಗೆ ನಿಲ್ಲುತ್ತದೆ. ಕ್ರಾನ್ ರಿಡಕ್ಷನ್ ಮಾಡಿದೆ, ಖಾಲಿ ಕವಲಿನ ಭೂತಲೋಡ್ ಹೋಯಿತು. ತುದಿಯ ಟಿಸಿಯ ಟ್ಯಾಪ್ ನಾಮಿನಲ್‌ನಲ್ಲೇ ಇದೆ, ಆ ಹೊತ್ತಿನ ಲೋಡ್ ಶೇ. 62. ಟಿಸಿಯೊಳಗಿನ ಇಳಿತ ಸೇರಿಸಿದ ಮೇಲೆ ಉಳಿದ ಅಂತರ ಶೇ. 0.4. ಹೌದು, ಎಲ್‌ಟಿ ಫೇಸ್‌ಗಳನ್ನು ಹಾಗೇ ಎಚ್‌ಟಿಗೆ ಹಾಕಿದ್ದೆ, ಅದನ್ನು ಬದಲಿಸುತ್ತಿದ್ದೇನೆ.

ಈಗ ಎರಡು ಪ್ರಶ್ನೆ. ಕೆವಿಎ ಹಂಚಿಕೆ ಬಿಟ್ಟು ಹುಸಿ ಅಳತೆಯನ್ನೂ ಸಿಗ್ಮಾವನ್ನೂ ಹೇಗೆ ಮಾಡುವುದು? ಮತ್ತು ಇನ್ನು ಎರಡು ಮೀಟರ್ ಹಾಕುವ ಅವಕಾಶ ಇದ್ದರೆ ಎಲ್ಲಿ, ಯಾವುದು? ಪಿಎಂಯು (ವೋಲ್ಟೇಜಿನ ಕೋನವನ್ನೂ ಅಳೆಯುವ ಸಾಧನ) ಹಾಕಿದರೆ ಕೋನವೂ ಸಿಗುತ್ತದಲ್ಲ?

---

ಉಳಿಕೆ_ವರ್ಗ ಉತ್ತರ:

ಆ 0.4ರ ಹಿಂದೆ ಹೋಗಬೇಡಿ. ತಲೆಯ ಪಿಟಿ ಕ್ಲಾಸ್ 0.5 ಆಗಿದ್ದರೆ ಅದೊಂದೇ ಅಷ್ಟು ತಿನ್ನುತ್ತದೆ.

ಹುಸಿ ಅಳತೆ: 15 ಮೀಟರ್ ಇರುವ ಟಿಸಿಗಳಿಂದ ಶುರು ಮಾಡಿ. 15 ನಿಮಿಷದ ಯೂನಿಟ್‌ಗಳನ್ನು 4ರಿಂದ ಗುಣಿಸಿದರೆ ಆ ಅವಧಿಯ ಸರಾಸರಿ ಕಿಲೋವ್ಯಾಟ್. ನಿನ್ನೆಯ, ಕಳೆದ ವಾರದ ಅದೇ ಅವಧಿಯ ಸರಾಸರಿಯನ್ನು ಇವತ್ತಿನ ಮುನ್ನಂದಾಜು ಎಂದು ಇಟ್ಟು, ನಾಳೆ ನಿಜವಾದ ಲೆಕ್ಕ ಬಂದಾಗ ಎಷ್ಟು ತಪ್ಪಿತು ಎಂದು ಬರೆದಿಡಿ. ಒಂದು ತಿಂಗಳ ತಪ್ಪುಗಳ ಸ್ಟ್ಯಾಂಡರ್ಡ್ ಡೀವಿಯೇಶನ್ ನಿಮ್ಮ ಸಿಗ್ಮಾ, ಗಂಟೆಗೊಂದರಂತೆ. ಬೆಳಗಿನ ಜಾವ 3ರ ಸಿಗ್ಮಾವೂ ಸಂಜೆ 7ರದ್ದೂ ಒಂದೇ ಇರುವುದಿಲ್ಲ. ಮೀಟರಿನ ಗಡಿಯಾರ ಒಂದು ಅವಧಿ ಸರಿದಿದೆಯೇ ಎಂದು ಮೊದಲು ನೋಡಿ. ಕರೆಂಟ್ ಹೋಗಿ ಬಂದ ಹೊತ್ತನ್ನು ತಲೆಯ ದಾಖಲೆಯ ಜೊತೆ ಹೋಲಿಸಿದರೆ ತಿಳಿಯುತ್ತದೆ.

ಮಿಕ್ಕ 37ಕ್ಕೆ ಆ ಟಿಸಿಯ ಕೆಳಗಿನ ಗ್ರಾಹಕರ ತಿಂಗಳ ಯೂನಿಟ್‌ಗಳನ್ನು ಕೂಡಿಸಿ, ಗ್ರಾಹಕ ವರ್ಗದ ದಿನದ ಲೋಡ್ ಆಕಾರದಿಂದ ಗುಣಿಸಿ. ಆಕಾರ ಈ 15ರಿಂದಲೇ ಬರಲಿ. ಕೆವಿಎ ಹಂಚಿಕೆಗಿಂತ ಇದು ಎಷ್ಟೋ ವಾಸಿ, ಏಕೆಂದರೆ 100 ಕೆವಿಎ ಬರೆದಿರುವ ಟಿಸಿಯ ಮೇಲೆ 20ರ ಲೋಡೂ ಇರಬಹುದು, 90ರದ್ದೂ ಇರಬಹುದು. ಯಾವ ಗ್ರಾಹಕ ಯಾವ ಟಿಸಿಯ ಕೆಳಗೆ ಎಂಬ ಪಟ್ಟಿ ಹಳೆಯದಾಗಿದ್ದರೆ ಮಾತ್ರ ಈ ವಿಧಾನ ಕೈಕೊಡುತ್ತದೆ. ಸೋಲಾರ್ ಇರುವ ಕಡೆ ಲೋಡನ್ನೂ ಉತ್ಪಾದನೆಯನ್ನೂ ಎರಡು ಬೇರೆ ಇಂಜೆಕ್ಷನ್ ಆಗಿ ಬರೆಯಿರಿ. ಒಟ್ಟುಗೂಡಿಸಿದರೆ ನಿವ್ವಳ ಸೊನ್ನೆಯ ಹತ್ತಿರ ಬಂದಾಗ ಶೇಕಡಾವಾರು ಸಿಗ್ಮಾವೂ ಸೊನ್ನೆಯಾಗಿ, ಏನೂ ಗೊತ್ತಿಲ್ಲದ ನೋಡು ಎಲ್ಲಕ್ಕಿಂತ ನಿಖರ ಎಂಬಂತೆ ಕೂರುತ್ತದೆ. ಇದು ಬಹಳ ಕಡೆ ಆಗುವ ತಪ್ಪು.

ಹುಸಿ ಅಳತೆಗಳ ದೋಷಗಳು ಪರಸ್ಪರ ಸ್ವತಂತ್ರವೂ ಅಲ್ಲ. ಸೆಕೆ ಏರಿದರೆ ಎಲ್ಲ ಮನೆಗಳ ಲೋಡೂ ಒಟ್ಟಿಗೆ ಏರುತ್ತದೆ. ಪ್ರತಿ ಗ್ರಾಹಕ ವರ್ಗಕ್ಕೆ ಒಂದು ಗುಣಕವನ್ನು ಹೆಚ್ಚುವರಿ ಸ್ಟೇಟ್ ಆಗಿ ಇಡಿ: ಲೋಡ್ = ಗುಣಕ × ಮುನ್ನಂದಾಜು. ಗುಣಕಕ್ಕೂ 1 ಎಂಬ ಹುಸಿ ಅಳತೆ, ಸಿಗ್ಮಾ 0.15ರಷ್ಟು, ಕೊಡಲೇಬೇಕು. ಮೂರು ವರ್ಗಗಳ ಗುಣಕವನ್ನು ತಲೆಯ ಒಂದು ಪಿಯಿಂದ ಬಿಡಿಸಲು ಬರುವುದಿಲ್ಲ, ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗುತ್ತದೆ. ಹೀಗೆ ಮಾಡಿದರೆ ತಲೆಯ ಅಳತೆಯನ್ನು ಹಂಚುವ ಕೆಲಸವನ್ನು ಎಸ್ಟಿಮೇಶನ್ನೇ ಮಾಡುತ್ತದೆ, ಎರಡೆರಡು ಸಲ ಎಣಿಸಿದಂತಾಗುವುದಿಲ್ಲ.

ನಿಜವಾದ ಅಳತೆಗಳ ಸಿಗ್ಮಾವನ್ನೂ ಸುಮ್ಮನೆ ಶೇ. 1 ಎನ್ನಬೇಡಿ. ರಿಕ್ಲೋಸರ್‌ನಲ್ಲಿರುವುದು ಪ್ರೊಟೆಕ್ಷನ್ ಸಿಟಿ (ರಕ್ಷಣೆಗೆಂದು ಇಟ್ಟ ಕರೆಂಟ್ ಟ್ರಾನ್ಸ್‌ಫಾರ್ಮರ್) ಆಗಿರುತ್ತದೆ. ಕ್ಲಾಸ್ 5ಪಿಗೆ ರೇಟೆಡ್ ಕರೆಂಟಿನಲ್ಲಿ ಶೇ. 1, ಕ್ಲಾಸ್ 10ಪಿಗೆ ಶೇ. 3, ಕಡಿಮೆ ಕರೆಂಟಿಗೆ ಯಾವ ಭರವಸೆಯೂ ಇಲ್ಲ. ಅದರ ಮೇಲೆ ಸ್ಕಾಡಾ (ದೂರದಿಂದ ಓದು ತರಿಸುವ ವ್ಯವಸ್ಥೆ) ಡೆಡ್‌ಬ್ಯಾಂಡ್: ಓದು ಇಷ್ಟರೊಳಗೆ ಬದಲಾದರೆ ಹೊಸದು ಕಳುಹಿಸುವುದಿಲ್ಲ. 400 ಆಂಪಿಯರ್ ಫುಲ್‌ಸ್ಕೇಲ್‌ನ ಶೇ. 1 ಡೆಡ್‌ಬ್ಯಾಂಡ್ ಅಂದರೆ 4 ಆಂಪಿಯರ್. 80 ಆಂಪಿಯರ್ ಓದುವಾಗ ಅದು ಶೇ. 5. ಸಿಗ್ಮಾಕ್ಕೆ 4 ಭಾಗಿಸು ಮೂರರ ವರ್ಗಮೂಲ, 2.3 ಆಂಪಿಯರ್, ಸೇರಿಸಿ.

---

ಟಿಸಿಕಟ್ಟೆ ಉತ್ತರ:

ಮೀಟರ್ ಎಲ್ಲಿ ಎಂಬುದಕ್ಕೆ: ಕೋವೇರಿಯನ್ಸ್ ಲೆಕ್ಕಕ್ಕೆ ಮೀಟರಿನ ಓದು ಬೇಕಿಲ್ಲ, ಯಾವ ನೋಡಿನಲ್ಲಿ ಎಷ್ಟು ನಿಖರತೆಯದ್ದು ಎಂದಷ್ಟೇ ಸಾಕು. ಆದ್ದರಿಂದ ಕೊಳ್ಳುವ ಮೊದಲೇ ಪ್ರತಿ ಜಾಗದಲ್ಲೂ ಕಾಗದದ ಮೇಲೆ ಹಾಕಿ ನೋಡಬಹುದು. ಅತಿ ಹೆಚ್ಚು ವೋಲ್ಟೇಜ್ ಸಿಗ್ಮಾವನ್ನು ಯಾವುದು ಹೆಚ್ಚು ಇಳಿಸುತ್ತದೋ ಅದನ್ನು ಮೊದಲು ಆರಿಸಿ, ಅದನ್ನು ಸೇರಿಸಿಕೊಂಡು ಎರಡನೆಯದನ್ನು ಹುಡುಕಿ. ಇಂಥ ಫೀಡರ್‌ನಲ್ಲಿ ಬಹುತೇಕ ಬರುವ ಉತ್ತರ: ಅತಿ ದೂರದ ತುದಿಯಲ್ಲಿ ಒಂದು ವೋಲ್ಟೇಜ್, ಲೋಡನ್ನು ಅರ್ಧಕ್ಕೆ ಸೀಳುವ ಕವಲಿನಲ್ಲಿ ಒಂದು ಪಿ-ಕ್ಯೂ.

ವೋಲ್ಟೇಜ್ ಮೀಟರಿನಿಂದ ಲೋಡ್ ತಿಳಿಯುತ್ತದೆ ಎಂದು ಆಸೆ ಪಡಬೇಡಿ. ಶೇ. 0.5 ದೋಷದ ಮೀಟರ್ ವೋಲ್ಟೇಜಿಗೆ ಚೆನ್ನಾಗಿದೆ, ಆದರೆ ಒಟ್ಟು ಇಳಿತವೇ ಶೇ. 3.6 ಇದ್ದಾಗ ಅದು ಇಳಿತದ ಶೇ. 14.

ಪಿಎಂಯು ಬೇಡ. ನಿಮ್ಮ ಫೀಡರ್‌ನ ಕೋನ ಲೆಕ್ಕ ಹಾಕಿ: (2.16 × 2 − 3.3 × 1) ÷ 121 = 0.0084 ರೇಡಿಯನ್, ಅಂದರೆ 0.48 ಡಿಗ್ರಿ, ಅದೂ ಎಲ್ಲ ಲೋಡ್ ತುದಿಯಲ್ಲಿದ್ದರೆ. ಸಮ ಹರಡಿದರೆ 0.24. ಸಾಮಾನ್ಯ ಪಿಎಂಯುಗೆ ಒಪ್ಪಿಗೆ ಇರುವ ಶೇ. 1 ಒಟ್ಟು ವೆಕ್ಟರ್ ದೋಷ ಪೂರ್ತಿ ಕೋನಕ್ಕೇ ಹೋದರೆ 0.57 ಡಿಗ್ರಿ. ವಿತರಣಾ ಜಾಲಕ್ಕೆಂದೇ ಮಾಡಿದ ಮೈಕ್ರೋ-ಪಿಎಂಯು ಇದಕ್ಕಿಂತ ಎಷ್ಟೋ ಸೂಕ್ಷ್ಮ, ನಿಜ. ಆದರೆ ಅದರ ಹಿಂದೆ ಕೂತಿರುವ ಕ್ಲಾಸ್ 0.5 ಪಿಟಿಗೆ 20 ಮಿನಿಟ್‌ವರೆಗೆ ಕೋನದೋಷ ಇರಬಹುದು, ಅಂದರೆ 0.33 ಡಿಗ್ರಿ. ಅಳೆಯಬೇಕಾದದ್ದಕ್ಕಿಂತ ಅಳತೆಗೋಲಿನ ತಪ್ಪೇ ದೊಡ್ಡದು. ಆ ಹಣದಲ್ಲಿ ರಿಕ್ಲೋಸರ್‌ಗಳಿಗೆ ವೋಲ್ಟೇಜ್ ಸೆನ್ಸರ್ ಹಾಕಿಸಿ, ಪಿ-ಕ್ಯೂ ತರಿಸಿ.

---

ಪಿವೋಟ್ ಉತ್ತರ:

ಒಂದು ಸೇರಿಸುತ್ತೇನೆ. ಹೊಸ ಪ್ರೋಗ್ರಾಂ ಅನ್ನು ನಿಮ್ಮ ಫೀಡರ್ ಮೇಲೇ ಪರೀಕ್ಷಿಸಬೇಡಿ, ಅಲ್ಲಿ ನಿಜ ಉತ್ತರ ಯಾರಿಗೂ ಗೊತ್ತಿಲ್ಲ. ಐಇಇಇಯ 13 ಅಥವಾ 123 ನೋಡಿನ ಟೆಸ್ಟ್ ಫೀಡರನ್ನು ಓಪನ್‌ಡಿಎಸ್‌ಎಸ್‌ನಲ್ಲಿ ಓಡಿಸಿ, ಎರಡೂ 4.16 ಕೆವಿ, ಅಸಮತೋಲ ಬೇಕಾದಷ್ಟಿದೆ. ಬಂದ ಉತ್ತರವನ್ನು ನಿಜ ಎಂದಿಟ್ಟು, ಅಳತೆಗಳಿಗೆ ನಿಮ್ಮ ಸಿಗ್ಮಾದಷ್ಟೇ ರ‍್ಯಾಂಡಮ್ ದೋಷ ಬೆರೆಸಿ 200 ಸಲ ಎಸ್ಟಿಮೇಟ್ ಮಾಡಿ. ಪ್ರತಿ ನೋಡಿನ ತಪ್ಪನ್ನು ಪ್ರೋಗ್ರಾಂ ಹೇಳಿದ ಸಿಗ್ಮಾದಿಂದ ಭಾಗಿಸಿದಾಗ ಹರಡು 1ರ ಹತ್ತಿರ ಬರಬೇಕು. 2 ಬಂದರೆ ಕೋವೇರಿಯನ್ಸ್ ಲೆಕ್ಕದಲ್ಲೋ ಜಾಕೋಬಿಯನ್‌ನಲ್ಲೋ ತಪ್ಪಿದೆ. ಜಾಕೋಬಿಯನ್ ಅನ್ನು ಒಂದು ಸ್ಟೇಟನ್ನು 10ರ ಘಾತ −6ರಷ್ಟು ಅಲುಗಿಸಿ ಸಂಖ್ಯೆಯಿಂದಲೇ ಸರಿನೋಡಿ, ಕೈಯಲ್ಲಿ ಬರೆದ ಡೆರಿವೇಟಿವ್‌ಗಳಲ್ಲಿ ಒಂದಾದರೂ ಚಿಹ್ನೆ ತಪ್ಪಿರುತ್ತದೆ.

ಅದಾದ ಮೇಲೆ ಬೇಕೆಂದೇ ಒಂದು ಟೈ ಸ್ವಿಚ್ಚಿನ (ಎರಡು ಫೀಡರ್ ಜೋಡಿಸುವ ಸ್ವಿಚ್ಚಿನ) ಸ್ಥಿತಿ ತಿರುಗಿಸಿ ಓಡಿಸಿ. ಸ್ವಿಚ್ಚಿನ ಆಚೆಯ ರಿಕ್ಲೋಸರ್ ಕರೆಂಟಿನ ಉಳಿಕೆ ನೆಗೆಯಬೇಕು. ನೆಗೆಯದಿದ್ದರೆ ನಿಮ್ಮ ಹುಸಿ ಅಳತೆಗಳ ಸಿಗ್ಮಾ ಇನ್ನೂ ಸಡಿಲವಾಗಿದೆ, ಇಡೀ ಕವಲು ಬೇರೆ ಫೀಡರ್‌ಗೆ ಹೋದದ್ದನ್ನೂ ಅದು ನುಂಗುತ್ತಿದೆ.